ಯೋಜನೆ ಬಂದ ಮೇಲೆ ಮನಸ್ಸು ಹಗುರಾಯಿತೇ? ಅಳೆಯುವುದು ಹೇಗೆ

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 2,000 ರೂಪಾಯಿ ಜಮೆಯಾಗುವ ಯೋಜನೆಯದು. ಅದಾದ ಎರಡು ವಾರಕ್ಕೆ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಮಹಿಳೆಯೊಬ್ಬರನ್ನು 2023ರ ಜೂನ್‌ನಲ್ಲಿ ಒಮ್ಮೆ, 2024ರ ಜನವರಿಯಲ್ಲಿ ಇನ್ನೊಮ್ಮೆ ಭೇಟಿಯಾಗಿ, ನಿದ್ದೆ ಹೇಗಿದೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ, ಬದುಕಿನ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದೆವು ಎಂದುಕೊಳ್ಳೋಣ. ಎರಡನೆಯ ಸಲ ಅವರ ಸ್ಥಿತಿ ಮೊದಲಿಗಿಂತ ಕೆಟ್ಟಿದ್ದರೆ, ಗೃಹಲಕ್ಷ್ಮಿಯಿಂದ ಮನಸ್ಸಿಗೆ ಯಾವ ನೆಮ್ಮದಿಯೂ ಸಿಗಲಿಲ್ಲ ಎಂದು ಬರೆದುಬಿಡಬಹುದೇ?

ಬರೆಯಲಾಗದು. ಬರವೊಂದೇ ಬಂದಿದ್ದು ಹಣ ಬಾರದೇ ಇದ್ದಿದ್ದರೆ ಅವರ ಸ್ಥಿತಿ ಇನ್ನಷ್ಟು ಹದಗೆಡುತ್ತಿತ್ತೇನೋ. ಆಗ ಯೋಜನೆ ಕೆಲಸ ಮಾಡಿದೆ ಎಂದೇ ಅರ್ಥ. ಹಾಗೆಯೇ, ಮಳೆ ಚೆನ್ನಾಗಿ ಆಗಿ ತೊಗರಿಗೆ ಒಳ್ಳೆಯ ಬೆಲೆ ಬಂದ ವರ್ಷದಲ್ಲಿ ಜನರ ಮನಸ್ಸು ಹಗುರಾಗಿದ್ದರೆ, ಆ ಯಶಸ್ಸನ್ನೆಲ್ಲ ಯೋಜನೆಯ ಲೆಕ್ಕಕ್ಕೆ ಬರೆಯುವುದೂ ತಪ್ಪು. ಕೇಳಬೇಕಾದ ಪ್ರಶ್ನೆ ಮೊದಲು ಹೇಗಿತ್ತು, ಈಗ ಹೇಗಿದೆ ಎಂಬುದಲ್ಲ. ಈ ಯೋಜನೆ ಬರದೇ ಇದ್ದಿದ್ದರೆ ಇದೇ ಜನರು ಇದೇ ದಿನ ಹೇಗಿರುತ್ತಿದ್ದರು ಎಂಬುದೇ ನಿಜವಾದ ಪ್ರಶ್ನೆ. ಹಾಗೆ ನಡೆಯದೇ ಹೋದ ಆ ಇನ್ನೊಂದು ಜನವರಿಯನ್ನು ಯಾರೂ ಕಣ್ಣಾರೆ ಕಾಣಲು ಸಾಧ್ಯವಿಲ್ಲ. ಅದನ್ನು ಸಾಧ್ಯವಾದಷ್ಟು ನಂಬಿಕೆಗೆ ಅರ್ಹವಾಗಿ ಅಂದಾಜು ಮಾಡುವ ಉಪಾಯಗಳ ಹುಡುಕಾಟವೇ ಯೋಜನೆಗಳ ಪರಿಣಾಮವನ್ನು ಅಳೆಯುವ ಶಾಸ್ತ್ರದ ಬಹುಭಾಗ. ಕಲಬುರಗಿ, ಬೀದರ್, ಯಾದಗಿರಿಗಳಂಥ ಗಡಿ ಜಿಲ್ಲೆಗಳಲ್ಲಿ ಆ ಅಂದಾಜಿಗೆ ರಾಜ್ಯದ ನಡುಭಾಗದಲ್ಲಿ ಸಿಗದ ಕೆಲವು ಅನುಕೂಲಗಳಿವೆ. ಅವುಗಳಷ್ಟೇ ದೊಡ್ಡ ತೊಡಕುಗಳೂ ಇವೆ.

ಮೊದಲು ಏನನ್ನು ಅಳೆಯುತ್ತಿದ್ದೇವೆ ಎಂಬುದು ಸ್ಪಷ್ಟವಾಗಬೇಕು. ಜನಸಮುದಾಯದ ಮಾನಸಿಕ ಆರೋಗ್ಯ ಎಂದರೆ ಮನೋವೈದ್ಯರ ಹೊರರೋಗಿ ವಿಭಾಗಕ್ಕೆ ಬಂದವರ ಎಣಿಕೆಯಲ್ಲ. ಇದನ್ನು ಶಕ್ತಿ ಯೋಜನೆಯ ಉದಾಹರಣೆಯಿಂದಲೇ ತಿಳಿಯಬಹುದು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಚಿಂಚೋಳಿಯ ಕಡೆಯ ಹಳ್ಳಿಯೊಂದರಿಂದ ಕಲಬುರಗಿಯ ಆಸ್ಪತ್ರೆಗೆ ಬಂದು ಹೋಗುವ ಖರ್ಚನ್ನು ನೆನೆದೇ ವರ್ಷಗಟ್ಟಲೆ ಸುಮ್ಮನಿದ್ದ ಮಹಿಳೆ, ಶೂನ್ಯ ದರದ ಟಿಕೆಟ್ ಹಿಡಿದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸಿನಲ್ಲಿ ಬಂದು ವೈದ್ಯರನ್ನು ಕಂಡರೆ, ಆಸ್ಪತ್ರೆಯ ದಾಖಲೆಯಲ್ಲಿ ಮಾನಸಿಕ ರೋಗಿಗಳ ಸಂಖ್ಯೆ ಒಂದು ಏರುತ್ತದೆ. ಕಾಯಿಲೆ ಏರಿಲ್ಲ, ಚಿಕಿತ್ಸೆಯ ದಾರಿ ತೆರೆದಿದೆ. ಆಸ್ಪತ್ರೆಯ ಅಂಕಿಯನ್ನಷ್ಟೇ ನೋಡುವವರು ಉಪಕಾರ ಮಾಡಿದ ಯೋಜನೆಯನ್ನೇ ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತಾರೆ.

ಚಿಕಿತ್ಸೆ ಬೇಕಾದವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾಗಿದ್ದರೂ ಸಾಮಾನ್ಯವಾಗಿ ಶೇ 70ನ್ನು ದಾಟಿತ್ತು. ಆ ಸಮೀಕ್ಷೆ ನಡೆದದ್ದು 12 ರಾಜ್ಯಗಳಲ್ಲಿ. ಸಂಸ್ಥೆ ಇರುವುದು ಬೆಂಗಳೂರಿನಲ್ಲೇ ಆದರೂ ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಪರೀಕ್ಷೆ ಮಾತ್ರ ಕೋಲಾರದಲ್ಲಿ ನಡೆಯಿತು. ಹೀಗಾಗಿ 2023ರ ಗ್ಯಾರಂಟಿ ಯೋಜನೆಗಳು ಬರುವ ಮುನ್ನ ನಮ್ಮ ಮೂರು ಜಿಲ್ಲೆಗಳ ಮನಸ್ಥಿತಿ ಹೇಗಿತ್ತು ಎನ್ನಲು ಆ ದೊಡ್ಡ ಸಮೀಕ್ಷೆಯಿಂದ ಯಾವ ಆಧಾರವೂ ದೊರೆಯುವುದಿಲ್ಲ. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ಅಳವಡಿಸಿ ಹನಿ ಹನಿಯ ಲೆಕ್ಕವಿಡುವ ವ್ಯವಸ್ಥೆ ಈ ರಾಜ್ಯದಲ್ಲಿದೆ. ಆ ಮಳೆಯನ್ನು ನೆಚ್ಚಿಕೊಂಡವರ ಮನಸ್ಸಿನ ಲೆಕ್ಕ ಜಿಲ್ಲಾ ಮಟ್ಟದಲ್ಲೂ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಹಾಗಾದರೆ ಆತ್ಮಹತ್ಯೆಯ ಅಂಕಿಅಂಶಗಳಿವೆಯಲ್ಲ, ಅವು ಪ್ರತಿ ವರ್ಷ ಪ್ರಕಟವಾಗುತ್ತವೆಯಲ್ಲ ಎಂದು ಕೇಳಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆ ಮಾಡಿಕೊಂಡರು. ಅಂದರೆ ಒಂದು ಲಕ್ಷ ಜನಸಂಖ್ಯೆಗೆ ಸುಮಾರು 20. ಪ್ರತಿಯೊಂದೂ ಒಂದು ಮನೆಯನ್ನು ಕುಸಿಯುವಂತೆ ಮಾಡಿದ ಸಾವು. ಆದರೆ ಯೋಜನೆಯ ಪರಿಣಾಮವನ್ನು ಜಿಲ್ಲಾ ಮಟ್ಟದಲ್ಲಿ ಗುರುತಿಸಲು ಈ ಅಂಕಿ ಸಾಲದು. 2011ರ ಜನಗಣತಿಯಂತೆ ಯಾದಗಿರಿಯ ಜನಸಂಖ್ಯೆ 11.74 ಲಕ್ಷ. ರಾಜ್ಯದ ಸರಾಸರಿಯೇ ಇಲ್ಲಿಗೂ ಅನ್ವಯಿಸುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 235 ಪ್ರಕರಣಗಳಾಗುತ್ತವೆ. ಇಂಥ ಅಪರೂಪದ ಘಟನೆಗಳ ಸಂಖ್ಯೆ ಯಾವ ಕಾರಣವೂ ಇಲ್ಲದೆ, ಕೇವಲ ಆಕಸ್ಮಿಕವಾಗಿ, ಒಂದು ವರ್ಷ 205ಕ್ಕೆ ಇಳಿಯಬಹುದು, ಇನ್ನೊಂದು ವರ್ಷ 265ಕ್ಕೆ ಏರಬಹುದು. ಯೋಜನೆಯೊಂದು ನಿಜವಾಗಿಯೂ ಶೇ 10ರಷ್ಟು ಸಾವುಗಳನ್ನು ತಡೆದಿದ್ದರೆ, ಅಂದರೆ ಇಪ್ಪತ್ತಮೂರು ಇಪ್ಪತ್ತನಾಲ್ಕು ಜೀವಗಳನ್ನು ಉಳಿಸಿದ್ದರೆ, ಆ ಇಳಿಕೆ ಈ ಏರಿಳಿತದೊಳಗೆ ಮುಚ್ಚಿಹೋಗುತ್ತದೆ. ಪರಿಣಾಮ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಬೇಕಾದರೆ ಹತ್ತಾರು ಜಿಲ್ಲೆಗಳ, ಹಲವು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡಬೇಕು.

ಕೂಡಿಸುವಾಗ ಬೇರೆ ಎಚ್ಚರಗಳು ಬೇಕು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನ ಗುಲಬರ್ಗಾ ಜಿಲ್ಲೆಯ ಅಂಕಿಯೊಳಗೆ ಇಂದಿನ ಯಾದಗಿರಿಯೂ ಸೇರಿದೆ. ಈ ಗಡಿ ಬದಲಾವಣೆಯನ್ನು ಮರೆತು ಕಲಬುರಗಿಯ ಇಪ್ಪತ್ತು ವರ್ಷದ ನಕ್ಷೆ ಬರೆದರೆ ಅಲ್ಲೊಂದು ದೊಡ್ಡ ಕುಸಿತ ಕಾಣಿಸುತ್ತದೆ, ಅದಕ್ಕೂ ಜನರ ನೆಮ್ಮದಿಗೂ ಸಂಬಂಧವಿಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. ಪೊಲೀಸರ ಭಯ ಕಡಿಮೆಯಾದಂತೆ, ಮುಚ್ಚಿಡುತ್ತಿದ್ದ ಪ್ರಕರಣಗಳು ದಾಖಲೆಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ರೈತ ಆತ್ಮಹತ್ಯೆ ಎಂದು ತೀರ್ಮಾನವಾದರೆ ಕುಟುಂಬಕ್ಕೆ ಐದು ಲಕ್ಷ ರೂಪಾಯಿ ಪರಿಹಾರ ಸಿಗುವುದರಿಂದ, ಸಾವಿನ ಕಾರಣವನ್ನು ಯಾವ ಕಾಲಂನಲ್ಲಿ ಬರೆಯಲಾಗುತ್ತದೆ ಎಂಬುದರ ಮೇಲೂ ಆಡಳಿತದ ನಿಯಮಗಳ ನೆರಳು ಬೀಳುತ್ತದೆ. ದಾಖಲಿಸುವ ರೀತಿ ಬದಲಾದ ವರ್ಷವೂ ಯೋಜನೆ ಬದಲಾದ ವರ್ಷವೂ ಒಂದೇ ಆದರೆ ಎರಡನ್ನೂ ಬಿಡಿಸುವುದು ಬಲು ಕಷ್ಟ.

ಆದ್ದರಿಂದ ಮನೆಮನೆಗೆ ಹೋಗಿ ಕೇಳುವುದೇ ಉಳಿದ ದಾರಿ. ಇದಕ್ಕೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ಪಿಎಚ್‌ಕ್ಯೂ-9 ಎಂಬುದು ಮುಖ್ಯವಾದದ್ದು. ಅದರಲ್ಲಿ ಒಂಬತ್ತು ಪ್ರಶ್ನೆಗಳಿವೆ: ಆಸಕ್ತಿ ಕುಗ್ಗುವುದು, ಬೇಸರ, ನಿದ್ದೆ, ಆಯಾಸ, ಹಸಿವು, ತನ್ನ ಬಗ್ಗೆಯೇ ಕೀಳರಿಮೆ, ಏಕಾಗ್ರತೆ, ಚಲನೆಯಲ್ಲಿ ನಿಧಾನ ಅಥವಾ ಚಡಪಡಿಕೆ, ಬದುಕು ಬೇಡವೆನ್ನಿಸುವುದು. ಕಳೆದ ಎರಡು ವಾರಗಳಲ್ಲಿ ಇವು ಎಷ್ಟು ಸಲ ಕಾಡಿದವು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ಖಿನ್ನತೆ ಇರಬಹುದು, ವೈದ್ಯರು ನೋಡಬೇಕು ಎಂದು ಅರ್ಥ. ಇದು ರೋಗನಿರ್ಣಯವಲ್ಲ, ಜರಡಿ ಮಾತ್ರ. ಆದರೂ ಸಾವಿರಾರು ಜನರ ಸರಾಸರಿಯಲ್ಲಿ ಆಗುವ ಬದಲಾವಣೆಯನ್ನು ಹಿಡಿಯಲು ಅಷ್ಟು ಸಾಕು.

ಈ ಒಂಬತ್ತರಲ್ಲಿ ನಿದ್ದೆಯ ಪ್ರಶ್ನೆಯೊಂದನ್ನೇ ತೆಗೆದುಕೊಂಡು ಸ್ವಲ್ಪ ನಿಂತು ನೋಡೋಣ. "ರಾತ್ರಿ ನಿದ್ದಿ ಹತ್ತಂಗಿಲ್ರಿ" ಎಂದು ಮೇ ತಿಂಗಳಲ್ಲಿ ಒಬ್ಬ ತಾಯಿ ಹೇಳಿದರೆ ಅದು ಖಿನ್ನತೆಯೇ, 42 ಡಿಗ್ರಿ ಬಿಸಿಲು ಕುಡಿದ ಶಹಾಬಾದ್ ಕಲ್ಲಿನ ಮನೆ ರಾತ್ರಿ ಹೊರಬಿಡುವ ಕಾವೇ? ಅದೇ ತಾಯಿ ಡಿಸೆಂಬರ್‌ನಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಬೇಸಿಗೆಯಲ್ಲಿ ಮೊದಲ ಸುತ್ತು, ಚಳಿಗಾಲದಲ್ಲಿ ಎರಡನೆಯ ಸುತ್ತು ಮಾಡಿದ ಸಮೀಕ್ಷೆ ಋತುಮಾನವನ್ನು ಅಳೆದು ಯೋಜನೆಯ ಹೆಸರು ಹಚ್ಚುತ್ತದೆ. ತೊಗರಿ ರಾಶಿಯಾಗಿ ಕೈಗೆ ನಾಲ್ಕು ಕಾಸು ಬರುವ ಜನವರಿಗೂ, ಬೀಜ ಗೊಬ್ಬರಕ್ಕೆ ಸಾಲ ಹುಡುಕುವ ಜೂನ್‌ಗೂ ಇರುವ ಅಂತರ ಇನ್ನೂ ದೊಡ್ಡದು. ಹಾಗಾಗಿ ಹೋಲಿಕೆ ಯಾವಾಗಲೂ ಒಂದೇ ತಿಂಗಳಿನಿಂದ ಅದೇ ತಿಂಗಳಿಗೆ ಇರಬೇಕು. ಈಗ ಗೃಹಜ್ಯೋತಿಯನ್ನೂ ಸೇರಿಸಿಕೊಳ್ಳಿ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಉದ್ಘಾಟನೆಯಾದ ಈ ಯೋಜನೆಯಡಿ ಮನೆಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಬಿಲ್ಲಿನ ಹೆದರಿಕೆಯಿಲ್ಲದೆ ಇಡೀ ರಾತ್ರಿ ಫ್ಯಾನ್ ತಿರುಗಿದರೆ ನಿದ್ದೆಯ ಅಂಕ ಸುಧಾರಿಸುತ್ತದೆ, ಒಟ್ಟು ಅಂಕವೂ ಇಳಿಯುತ್ತದೆ. ಇದನ್ನು ಮಾನಸಿಕ ಆರೋಗ್ಯದ ಸುಧಾರಣೆ ಎನ್ನಬೇಕೇ? ಎನ್ನಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಿದ್ದೆಗೆಡುವುದು ಮನಸ್ಸು ಕೆಡುವುದಕ್ಕೆ ಲಕ್ಷಣವೂ ಹೌದು, ಕಾರಣವೂ ಹೌದು. ಆದರೆ ಒಂಬತ್ತು ಪ್ರಶ್ನೆಗಳ ಫಲಿತಾಂಶವನ್ನು ಬಿಡಿಬಿಡಿಯಾಗಿ ತೋರಿಸದೆ ಒಟ್ಟು ಅಂಕವನ್ನಷ್ಟೇ ಪ್ರಕಟಿಸಿದರೆ ಓದುಗರಿಗೆ ಈ ವಿವೇಚನೆಗೆ ಅವಕಾಶವೇ ಸಿಗುವುದಿಲ್ಲ.

ಕೇಳುವವರು ಯಾರು ಎಂಬುದೂ ಉತ್ತರವನ್ನು ಬದಲಿಸುತ್ತದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯೇ ಪ್ರಶ್ನಾವಳಿ ಹಿಡಿದು ಬಂದರೆ ಅವರನ್ನು ಸರ್ಕಾರದ ಕಡೆಯವರು ಎಂದೇ ಜನ ಕಾಣುತ್ತಾರೆ. ಆರಾಮ ಇದ್ದೇನೆ ಎಂದರೆ ಹಣ ನಿಲ್ಲಿಸಿಯಾರು ಎಂದು ಒಬ್ಬರು ಕಷ್ಟವನ್ನು ಹೆಚ್ಚಿಸಿ ಹೇಳಬಹುದು. ಹಣ ಕೊಟ್ಟವರ ಮುಂದೆ ಕಷ್ಟ ಹೇಳಿದರೆ ಚೆನ್ನಾಗಿರದು ಎಂದು ಇನ್ನೊಬ್ಬರು ಎಲ್ಲವೂ ಚೆನ್ನಾಗಿದೆ ಎನ್ನಬಹುದು. ಪಡಸಾಲೆಯಲ್ಲಿ ಅತ್ತೆ ಕುಳಿತಿದ್ದರೆ ಸೊಸೆಯ ಉತ್ತರವೇ ಬೇರೆ. 2011ರಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಹಾಗಾಗಿ ಪ್ರಶ್ನಾವಳಿಯನ್ನು ಕೈಗೆ ಕೊಟ್ಟು ತುಂಬಿಸಿಕೊಳ್ಳುವ ಮಾತು ಇಲ್ಲಿ ಹೆಚ್ಚಿನವರಿಗೆ ಅನ್ವಯಿಸದು, ಬಾಯಿಮಾತಿನಲ್ಲೇ ಕೇಳಬೇಕು. ಕನ್ನಡದ ಜೊತೆಗೆ ದಖನಿ ಉರ್ದು, ಮರಾಠಿ, ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಹೀಗೆ ಮನೆಮಾತು ಬದಲಾದಂತೆ ಅದೇ ಪ್ರಶ್ನೆ ಅದೇ ತೂಕದಲ್ಲಿ ತಲುಪುತ್ತಿದೆಯೇ ಎಂದು ಮೊದಲೇ ಪರೀಕ್ಷಿಸಬೇಕು.

ಒಂಬತ್ತನೆಯ ಪ್ರಶ್ನೆ ಮಾತ್ರ ಉಳಿದವುಗಳಂತಲ್ಲ. ಸತ್ತರೆ ಒಳ್ಳೆಯದು ಎನ್ನಿಸಿದೆಯೇ ಎಂದು ಕೇಳಿ, ಹೌದು ಎಂಬ ಉತ್ತರವನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುವುದು ಸಲ್ಲದು. ಹೌದು ಎಂದವರೊಂದಿಗೆ ಕುಳಿತು ಮಾತನಾಡಲು ಕೇಳುವವರಿಗೆ ತರಬೇತಿ ಇರಬೇಕು, ಅದೇ ದಿನ ಸಂಪರ್ಕಿಸಬಹುದಾದ ವೈದ್ಯರು ಗೊತ್ತಿರಬೇಕು, 2022ರಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಕರೆ ಮಾಡಿಸುವ ವ್ಯವಸ್ಥೆ ಇರಬೇಕು. ಈ ಏರ್ಪಾಡಿಲ್ಲದ ಸಮೀಕ್ಷೆಯನ್ನು ನಡೆಸದಿರುವುದೇ ಲೇಸು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ನೆರವಿನಿಂದ ನಮ್ಮದೇ ವಿಭಾಗದ ಬಳ್ಳಾರಿಯಲ್ಲಿ ನಡೆದ ಪ್ರಯೋಗ. ತಾಲ್ಲೂಕು ಮಟ್ಟದ ವೈದ್ಯರಿಂದಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಬಹುದೆಂದು ಅಲ್ಲಿ ಸಾಬೀತಾಯಿತು. ಸಮೀಕ್ಷೆ ಮತ್ತು ಚಿಕಿತ್ಸೆಗಳನ್ನು ಜೋಡಿಸುವುದು ಈ ಭಾಗಕ್ಕೆ ಹೊಸ ಕೆಲಸವೇನಲ್ಲ.

ಅಳತೆಗೋಲು ಸಿಕ್ಕಿತು ಎನ್ನೋಣ. ಈಗ ಮೊದಲ ಪ್ರಶ್ನೆಗೆ ಮರಳಬೇಕು: ಯೋಜನೆ ಬರದಿದ್ದರೆ ಹೇಗಿರುತ್ತಿತ್ತು? ಗೃಹಲಕ್ಷ್ಮಿ ಇಡೀ ರಾಜ್ಯಕ್ಕೆ ಒಂದೇ ಸಲ ಬಂತು. ಆದಾಯ ತೆರಿಗೆ ಕಟ್ಟುವ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಕುಟುಂಬಗಳನ್ನು ಬಿಟ್ಟರೆ ಬಹುತೇಕ ಎಲ್ಲರೂ ಅರ್ಹರು. ತೆರಿಗೆ ಕಟ್ಟುವ ಮನೆಯ ಯಜಮಾನಿಯನ್ನು ಕೂಲಿ ಮಾಡುವ ಮನೆಯ ಯಜಮಾನಿಗೆ ಹೋಲಿಸಿದರೆ ಅರ್ಥವಿಲ್ಲ. ಇಲ್ಲೇ ಗಡಿ ನೆರವಿಗೆ ಬರುತ್ತದೆ. ಗುರುಮಠಕಲ್ ಸೀಮೆಯ ಹಳ್ಳಿಗೂ ಗಡಿಯಾಚೆ ತೆಲಂಗಾಣದ ನಾರಾಯಣಪೇಟೆಯ ಹಳ್ಳಿಗೂ ಮಳೆ ಒಂದೇ, ಮಣ್ಣು ಒಂದೇ, ಬೆಳೆಯೂ ಹೆಚ್ಚುಕಡಿಮೆ ಒಂದೇ. ಸರ್ಕಾರ ಮಾತ್ರ ಬೇರೆ. ಸೇಡಂಗೆ ತಾಂಡೂರು, ಹುಮನಾಬಾದಿಗೆ ಜಹೀರಾಬಾದ್, ಔರಾದಿಗೆ ಮಹಾರಾಷ್ಟ್ರದ ದೇಗಲೂರು, ಆಳಂದಕ್ಕೆ ಅಕ್ಕಲಕೋಟೆ ಹೀಗೆಯೇ ನೆರೆಯವು.

ಲೆಕ್ಕ ಹೀಗೆ ನಡೆಯುತ್ತದೆ. ಯೋಜನೆಗೆ ಮುಂಚೆ ಈ ಕಡೆಯ ಹಳ್ಳಿಗಳ ಸರಾಸರಿ ಅಂಕ 8 ಇತ್ತು, ವರ್ಷದ ಬಳಿಕ ಅದು 9 ಆಯಿತು ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಮೇಲ್ನೋಟಕ್ಕೆ ಸ್ಥಿತಿ ಹದಗೆಟ್ಟಿದೆ. ಆದರೆ ಗಡಿಯಾಚೆ ಅದೇ ಬರದಲ್ಲಿ ಸರಾಸರಿ 7ರಿಂದ 10ಕ್ಕೆ ಏರಿದ್ದರೆ? ಅಲ್ಲಿ ಮೂರು ಅಂಕ ಏರಿದಾಗ ಇಲ್ಲಿ ಏರಿದ್ದು ಒಂದೇ ಅಂಕ. ಉಳಿದ ಎರಡು ಅಂಕಗಳಷ್ಟು ಏರಿಕೆಯನ್ನು ಯೋಜನೆ ತಡೆದಿದೆ ಎಂದು ಅಂದಾಜು ಮಾಡಬಹುದು. ಎರಡೂ ಕಡೆಯ ಆರಂಭದ ಅಂಕ ಒಂದೇ ಇರಬೇಕೆಂದಿಲ್ಲ. ಯೋಜನೆ ಬರದಿದ್ದರೆ ಎರಡೂ ಕಡೆ ಏರಿಳಿತ ಜೊತೆಜೊತೆಯಾಗಿ ಸಾಗುತ್ತಿತ್ತು ಎಂಬ ಒಂದು ನಂಬಿಕೆಯ ಮೇಲೆ ಮಾತ್ರ ಈ ಲೆಕ್ಕ ನಿಂತಿದೆ. ಆ ನಂಬಿಕೆಯನ್ನು ಪರೀಕ್ಷಿಸಲು ಯೋಜನೆಗೆ ಮುಂಚಿನ ಒಂದಲ್ಲ, ಹಲವು ಸುತ್ತಿನ ಅಂಕಿಗಳು ಬೇಕು: ಹಿಂದಿನ ವರ್ಷಗಳಲ್ಲಿ ಎರಡೂ ಕಡೆ ಹೆಜ್ಜೆ ಸೇರಿದ್ದವೇ ಎಂದು ನೋಡಲು. ಯೋಜನೆ ಘೋಷಣೆಯಾದ ಮೇಲೆ ಓಡಿ ಹೋಗಿ ಮಾಡಿದ ಸಮೀಕ್ಷೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ಕೊರತೆಯನ್ನು ತುಂಬಿಕೊಡಲಾರದು. ಈ ಲೇಖನದಲ್ಲಿ ನಾನು ಹೇಳಬೇಕಾದ ಒಂದೇ ಮಾತಿದ್ದರೆ ಅದು ಇದು.

ಗಡಿಯಾಚೆಯ ಸರ್ಕಾರವೂ ಸುಮ್ಮನೆ ಕುಳಿತಿರುವುದಿಲ್ಲ. ತೆಲಂಗಾಣ 2023ರ ಡಿಸೆಂಬರ್ 9ರಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಆರಂಭಿಸಿತು. ಹಾಗಾಗಿ ಶಕ್ತಿ ಯೋಜನೆಯನ್ನು ಆ ಗಡಿಯಲ್ಲಿ ಹೋಲಿಸಿ ನೋಡಲು ಸಿಕ್ಕ ಅವಕಾಶ ಜೂನ್ 11ರಿಂದ ಡಿಸೆಂಬರ್ 8ರವರೆಗಿನ ಆರು ತಿಂಗಳು ಮಾತ್ರ. ಆ ಆರು ತಿಂಗಳ ಕೊನೆಯಲ್ಲಿ ಅಲ್ಲಿ ವಿಧಾನಸಭಾ ಚುನಾವಣೆಯೂ ನಡೆಯಿತು. ಎಕರೆ ಲೆಕ್ಕದಲ್ಲಿ ರೈತರಿಗೆ ಹಣ ಕೊಡುವ ರೈತುಬಂಧು ಅಲ್ಲಿ 2018ರಿಂದಲೇ ಇತ್ತು. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್ ಇತ್ತು. 2024ರ ಜುಲೈನಿಂದ ತಿಂಗಳಿಗೆ 1,500 ರೂಪಾಯಿಯ ಲಾಡಕಿ ಬಹೀಣ್ ಬಂತು. ಅಲ್ಲಿಂದಾಚೆಗೆ ಔರಾದ್ ಮತ್ತು ದೇಗಲೂರಿನ ಹೋಲಿಕೆ ಹಣ ಬಂದವರು ಮತ್ತು ಬಾರದವರ ನಡುವಿನದ್ದಾಗಿ ಉಳಿಯಲಿಲ್ಲ. ಗೃಹಲಕ್ಷ್ಮಿಯ ಮಟ್ಟಿಗೆ ಮಹಾರಾಷ್ಟ್ರದ ಗಡಿಯಲ್ಲಿ ಸಿಕ್ಕ ಸ್ವಚ್ಛ ಅವಧಿ ಹತ್ತು ತಿಂಗಳು, ಅದು ಕಳೆದುಹೋಗಿದೆ. ಇನ್ನೊಂದು ತೊಡಕು, ಗಡಿಯಾಚೆಗೂ ಈಚೆಗೂ ಹೆಣ್ಣು ಕೊಟ್ಟು ತರುವ ಸಂಬಂಧಗಳು. ಈ ಕಡೆಯ ತಾಯಿ ತನ್ನ 2,000ದಲ್ಲಿ ಒಂದಿಷ್ಟನ್ನು ಆ ಕಡೆಯ ಮಗಳಿಗೆ ಕೊಟ್ಟರೆ ಯೋಜನೆಯ ಪರಿಣಾಮ ಹೋಲಿಕೆಯ ಹಳ್ಳಿಗೂ ಹರಿದು, ಲೆಕ್ಕದಲ್ಲಿ ವ್ಯತ್ಯಾಸ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಬೇರೆ ದೇಶಗಳಲ್ಲಿ ಒಳ್ಳೆಯ ಅಧ್ಯಯನಗಳು ಸಾಧ್ಯವಾದದ್ದು ಹೆಚ್ಚಾಗಿ ಯೋಜನೆಗಳು ಹಂತಹಂತವಾಗಿ ಜಾರಿಯಾದ ಕಡೆ. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನಗದು ಕೊಡುವ ಯೋಜನೆ ಉಪಜಿಲ್ಲೆಯಿಂದ ಉಪಜಿಲ್ಲೆಗೆ ಬೇರೆ ಬೇರೆ ವರ್ಷಗಳಲ್ಲಿ ತಲುಪಿತು. ಮೊದಲು ತಲುಪಿದ ಕಡೆಗಳನ್ನು ಇನ್ನೂ ತಲುಪದ ಕಡೆಗಳೊಂದಿಗೆ ಹೋಲಿಸಿದ ಸಂಶೋಧಕರು ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 18ರಷ್ಟು ಇಳಿದುದನ್ನು ಕಂಡರು. ಕೀನ್ಯಾದಲ್ಲಿ ಲಾಟರಿ ಎತ್ತಿ ಕೆಲವು ಮನೆಗಳಿಗೆ ನಗದು ಕೊಟ್ಟು ಉಳಿದವರೊಂದಿಗೆ ಹೋಲಿಸಿದಾಗಲೂ ಮಾನಸಿಕ ನೆಮ್ಮದಿ ಹೆಚ್ಚಿತ್ತು. ಬದಲಾವಣೆ ಯಾವಾಗಲೂ ಒಳಿತಿನ ಕಡೆಗೇ ಇರುವುದಿಲ್ಲ. ಬ್ರಿಟನ್ ತನ್ನ ಆರು ಬಗೆಯ ನೆರವುಗಳನ್ನು ಒಂದೇ ಯೋಜನೆಯಾಗಿ ಸೇರಿಸಿ 2013ರಿಂದ ಪ್ರದೇಶವಾರು ಜಾರಿ ಮಾಡಿದಾಗ, ಹೊಸ ವ್ಯವಸ್ಥೆ ಬಂದ ಪ್ರದೇಶಗಳ ನಿರುದ್ಯೋಗಿಗಳಲ್ಲಿ ಮಾನಸಿಕ ಸಂಕಟದ ಪ್ರಮಾಣ 6.57 ಶೇಕಡಾಂಶದಷ್ಟು ಏರಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂಗವಿಕಲತೆಯ ನೆರವು ಪಡೆಯುತ್ತಿದ್ದವರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಿದ ಇಂಗ್ಲೆಂಡಿನ ನೀತಿಯ ಬಗ್ಗೆ 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಮರುಪರೀಕ್ಷೆಗೊಳಗಾದ ಪ್ರತಿ 10,000 ಜನರಿಗೆ ಆರು ಹೆಚ್ಚುವರಿ ಆತ್ಮಹತ್ಯೆಗಳ ನಂಟು ಕಂಡುಬಂತು. ಅರ್ಹರಾಗಿಯೂ ಮತ್ತೆ ಮತ್ತೆ ಅರ್ಹತೆ ಸಾಬೀತು ಮಾಡಬೇಕಾದವರ ಆತಂಕವನ್ನು, ಇ-ಕೆವೈಸಿಗಾಗಿ ಸರದಿಯಲ್ಲಿ ನಿಂತು ಬೆರಳಚ್ಚು ಹೊಂದದೆ ಹಿಂದಿರುಗುವ ನಮ್ಮ ವೃದ್ಧರ ಸಂದರ್ಭದಲ್ಲೂ ಅಳೆಯಲೇಬೇಕು.

ನಗದು ವರ್ಗಾವಣೆಯ 45 ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ 0.1 ಪ್ರಮಾಣಿತ ವಿಚಲನೆಯಷ್ಟಿತ್ತು. ಜನರ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆಯೇ ಪ್ರಮಾಣಿತ ವಿಚಲನೆ. ಪಿಎಚ್‌ಕ್ಯೂ-9ರಲ್ಲಿ ಈ ಹರವು ಐದು ಅಂಕಗಳಷ್ಟಿದ್ದರೆ, ಇದು ಅರ್ಧ ಅಂಕಕ್ಕೆ ಸಮ. ಒಬ್ಬ ವ್ಯಕ್ತಿಯ ಮಟ್ಟಿಗೆ ಅರ್ಧ ಅಂಕ ಗಮನಕ್ಕೂ ಬಾರದು. ಆದರೆ ಎಲ್ಲರೂ ಅರ್ಧ ಅಂಕ ಕೆಳಗೆ ಸರಿದರೆ ಅಪಾಯದ ಗೆರೆಯ ಸನಿಹದಲ್ಲಿದ್ದವರಲ್ಲಿ ಹಲವರು ಆ ಗೆರೆಯ ಈಚೆಗೆ ಬರುತ್ತಾರೆ. ಗೆರೆ ಸರಾಸರಿಗಿಂತ ಒಂದು ವಿಚಲನೆ ಮೇಲಿದೆ, ಅಂಕಗಳು ಎರಡೂ ಬದಿ ಸಮವಾಗಿ ಹಂಚಿಹೋಗಿವೆ ಎಂದು ಸರಳಗೊಳಿಸಿ ಲೆಕ್ಕ ಹಾಕಿದರೆ, ಗೆರೆ ದಾಟಿದವರ ಪ್ರಮಾಣ ಶೇ 15.9ರಿಂದ ಶೇ 13.6ಕ್ಕೆ ಇಳಿಯುತ್ತದೆ. ಮೂರು ಲಕ್ಷ ವಯಸ್ಕ ಮಹಿಳೆಯರಿರುವ ಜಿಲ್ಲೆಯಲ್ಲಿ ಅದು ಸುಮಾರು 7,000 ಜನ. ಯಾವ ಆಸ್ಪತ್ರೆಯೂ ಒಂದು ವರ್ಷದಲ್ಲಿ ಇಷ್ಟು ಜನರನ್ನು ಗುಣಪಡಿಸಲಾರದು. ಸಣ್ಣ ಪರಿಣಾಮವನ್ನು ಸಣ್ಣದೆಂದು ತಳ್ಳಿಹಾಕಬಾರದು ಎನ್ನುವುದಕ್ಕೆ ಕಾರಣ ಇದು.

ಸಣ್ಣ ಪರಿಣಾಮವನ್ನು ಹಿಡಿಯಲು ದೊಡ್ಡ ಮಾದರಿ ಬೇಕಾಗುತ್ತದೆ. ಖಿನ್ನತೆಯ ಪ್ರಮಾಣ ಶೇ 10ರಿಂದ ಶೇ 8ಕ್ಕೆ ಇಳಿದುದನ್ನು ಸಾಕಷ್ಟು ಖಚಿತವಾಗಿ ಹೇಳಬೇಕಾದರೆ ಪ್ರತಿ ಗುಂಪಿನಲ್ಲಿ ಸುಮಾರು 3,200 ಜನ ಬೇಕು. ಒಂದೇ ಹಳ್ಳಿಯವರ ಸುಖದುಃಖ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ, ಹಳ್ಳಿಗೆ ಇಪ್ಪತ್ತು ಜನರಂತೆ ಆರಿಸಿದರೆ ಆ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಇನ್ನೂರು ಜನರನ್ನು ಮಾತನಾಡಿಸಿ ಯೋಜನೆಯಿಂದ ಪರಿಣಾಮವಿಲ್ಲ ಎಂದು ಬರೆಯುವ ವರದಿಯನ್ನು ಹಾಗಾಗಿ ನಂಬಬಾರದು. ಅಷ್ಟು ಜನರಲ್ಲಿ ಪರಿಣಾಮ ಕಾಣುವುದೇ ಸಾಧ್ಯವಿರಲಿಲ್ಲ.

ಗಡಿಯಿಲ್ಲದೆಯೂ ಹೋಲಿಕೆಗೆ ದಾರಿಗಳಿವೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ವರ್ಷ ತುಂಬಿರಬೇಕು. ಈಗಷ್ಟೇ 65 ದಾಟಿದವರಿಗೂ ಇನ್ನೇನು ದಾಟಲಿರುವವರಿಗೂ ವಯಸ್ಸಿನಲ್ಲಿ, ಬದುಕಿನಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ, ಪಿಂಚಣಿಯ ಅರ್ಹತೆಯೊಂದನ್ನು ಬಿಟ್ಟು. ಹೀಗಿದ್ದೂ ಇಬ್ಬರ ಮನಸ್ಥಿತಿಯಲ್ಲಿ ಅಂತರ ಕಂಡರೆ ಅದನ್ನು ಪಿಂಚಣಿಯ ಫಲವೆನ್ನಬಹುದು. ಕಾಗದದ ಮೇಲೆ ಬಲು ಚೆಂದದ ಉಪಾಯ. ನಮ್ಮ ಹಿರಿಯರ ಆಧಾರ್ ಕಾರ್ಡುಗಳನ್ನು ತೆರೆದು ನೋಡಿದರೆ ಎಷ್ಟೋ ಜನರ ಜನ್ಮದಿನ ಜನವರಿ 1. ನಿಜವಾದ ದಿನಾಂಕ ಗೊತ್ತಿಲ್ಲದೆ, ಅಂದಾಜಿನ ವರ್ಷಕ್ಕೆ ಹಚ್ಚಿದ ದಿನಾಂಕವದು. ಕಾಗದದ ವಯಸ್ಸು 65 ಆದವರ ನಿಜವಾದ ವಯಸ್ಸು 60 ಇರಬಹುದು, 70 ಇರಬಹುದು. ಅರ್ಹತೆಯನ್ನು ತೀರ್ಮಾನಿಸುವುದು ಕಾಗದದ ವಯಸ್ಸೇ ಆದ್ದರಿಂದ ವಿಧಾನ ಪೂರ್ತಿ ಕುಸಿಯುವುದಿಲ್ಲ, ಆದರೆ ಪಿಂಚಣಿಗಾಗಿಯೇ ವಯಸ್ಸು ತಿದ್ದಿಸಿಕೊಂಡವರು ಗೆರೆಯ ಒಂದೇ ಬದಿಯಲ್ಲಿ ಗುಂಪುಗೂಡಿದ್ದಾರೆಯೇ ಎಂದು ಪರೀಕ್ಷಿಸದೆ ಮುಂದುವರಿಯಬಾರದು.

ಗುಳೆ ಹೋಗುವವರ ಸಂಗತಿ ಇದಕ್ಕಿಂತ ಗಂಭೀರ. ರಾಶಿ ಮುಗಿದ ಮೇಲೆ ತಾಂಡಾಗಳಿಂದ, ಮಳೆಯನ್ನೇ ನಂಬಿದ ಹಳ್ಳಿಗಳಿಂದ ಕುಟುಂಬಗಳು ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದ್‌ಗಳಿಗೆ ದುಡಿಯಲು ಹೋಗುತ್ತವೆ. ಮಾರ್ಚ್‌ನಲ್ಲಿ ಸಮೀಕ್ಷೆಗೆ ಹೋದವರಿಗೆ ಬಾಗಿಲಿಗೆ ಬೀಗ ಕಾಣುತ್ತದೆ, ಪಟ್ಟಿಯಲ್ಲಿ ಆ ಮನೆಯ ಮುಂದೆ ಗೀಟು ಬೀಳುತ್ತದೆ. ಹೆಚ್ಚು ಸಂಕಟದಲ್ಲಿದ್ದವರೇ ಊರು ಬಿಟ್ಟಿರುವುದರಿಂದ ಉಳಿದವರ ಸರಾಸರಿ ಚೆನ್ನಾಗಿ ಕಾಣುತ್ತದೆ. ಈಗ ಯೋಜನೆಯ ಹಣದಿಂದಾಗಿ ಕೆಲವರು ಈ ವರ್ಷ ಗುಳೆ ಹೋಗದೆ ಊರಲ್ಲೇ ಉಳಿದರೆ, ಅವರ ಪಾಲಿಗೆ ಅದು ನೆಮ್ಮದಿಯೇ ಆದರೂ ಊರಿನ ಸರಾಸರಿ ಹದಗೆಟ್ಟಂತೆ ತೋರುತ್ತದೆ, ಏಕೆಂದರೆ ಮೊದಲು ಲೆಕ್ಕಕ್ಕೇ ಸಿಗದಿದ್ದವರು ಈಗ ಸಿಕ್ಕಿದ್ದಾರೆ. ಬೀಗ ಹಾಕಿದ ಮನೆಯವರನ್ನು ಮೊಬೈಲ್‌ನಲ್ಲಾದರೂ, ಕೆಲಸದ ಜಾಗದಲ್ಲಾದರೂ ಹುಡುಕಿ ಕೇಳದ ಸಮೀಕ್ಷೆ ಈ ಜಿಲ್ಲೆಗಳಿಗೆ ಹೊಂದುವುದಿಲ್ಲ.

ಸರಾಸರಿಯೊಳಗೆ ಅಡಗಿರುವುದನ್ನೂ ಹೊರತೆಗೆಯಬೇಕು. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಪ್ರಶ್ನೆ 2023ರಲ್ಲಿ ಎಷ್ಟೋ ಕೂಡುಕುಟುಂಬಗಳಲ್ಲಿ ಮಾತಿಗೆ ಮಾತು ಬೆಳೆಸಿತು. ಒಂದೇ ಮನೆಯಲ್ಲಿ ಅತ್ತೆಯ ಅಂಕ ಸುಧಾರಿಸಿ ಸೊಸೆಯದು ಕೆಟ್ಟಿದ್ದರೆ ಮನೆಯ ಸರಾಸರಿಯಲ್ಲಿ ಏನೂ ಆಗಿಲ್ಲವೆಂದು ಬರುತ್ತದೆ. ಖಾತೆಗೆ ಬಂದ ಹಣವನ್ನು ಗಂಡ ಕಸಿದುಕೊಳ್ಳುವ ಮನೆ ಬೇರೆ, ಆ ಹಣದಿಂದ ಸಂಘದ ವಾರದ ಕಂತು ಕಟ್ಟಿ ಏಜೆಂಟರ ಕಾಟದಿಂದ ಪಾರಾಗುವ ಮನೆ ಬೇರೆ. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತು. ಅದೇ ತಿಂಗಳು ಅನ್ನಭಾಗ್ಯದಲ್ಲಿ ತಲಾ 170 ರೂಪಾಯಿ ನಗದಿನ ಬದಲು ಮತ್ತೆ ಅಕ್ಕಿ ಕೊಡುವ ತೀರ್ಮಾನವಾಯಿತು. ಎರಡೂ ಮನಸ್ಸಿನ ಮೇಲೆ ಪರಿಣಾಮ ಬೀರುವಂಥವೇ, ಎರಡೂ ಒಟ್ಟಿಗೇ ಬಂದವು. ಮೊತ್ತಕ್ಕಿಂತ ನಿಯಮಿತತೆ ಮುಖ್ಯವೇ ಎಂಬುದನ್ನೂ ನೋಡಬೇಕು. ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾಗಿ, ಬಳಿಕ ಒಟ್ಟಾಗಿ ಬಂದಾಗ ವರ್ಷದ ಲೆಕ್ಕದಲ್ಲಿ ಮೊತ್ತ ಅಷ್ಟೇ ಇರಬಹುದು. ಈ ತಿಂಗಳು ಬಂದೀತೇ ಎಂದು ಮೊಬೈಲಿನ ಮೆಸೇಜ್ ನೋಡುತ್ತ ಕಿರಾಣಿ ಅಂಗಡಿಯ ಉದ್ರಿ ಬೆಳೆಸಿದವರ ಮನಸ್ಸಿಗೆ ಅದು ಅಷ್ಟೇ ಅಲ್ಲ. ಕಂತು ಜಮೆಯಾದ ದಿನಾಂಕ ಸರ್ಕಾರದ ಬಳಿಯೇ ಇದೆ. ಸಮೀಕ್ಷೆ ನಡೆದ ದಿನದೊಂದಿಗೆ ಅದನ್ನು ಹೊಂದಿಸಿ ನೋಡಿದರೆ, ಹಣ ಬಂದ ವಾರಕ್ಕೂ ಬಾರದ ವಾರಕ್ಕೂ ಇರುವ ಅಂತರ ಗಡಿಯ ಹೋಲಿಕೆಯೇ ಇಲ್ಲದೆ ತಿಳಿಯುತ್ತದೆ.

ಇದೆಲ್ಲಕ್ಕೂ ಬೇಕಾದದ್ದು ಮೂರು ಜಿಲ್ಲೆಗಳಲ್ಲಿ ಮತ್ತು ಗಡಿಯಾಚೆಯ ತಾಲ್ಲೂಕುಗಳಲ್ಲಿ ಅವೇ ಮನೆಗಳನ್ನು ವರ್ಷಕ್ಕೆ ನಾಲ್ಕು ಸಲ, ಅವೇ ತಿಂಗಳುಗಳಲ್ಲಿ, ಯಾವ ಯೋಜನೆಯ ಘೋಷಣೆಗೂ ಕಾಯದೆ ಭೇಟಿಯಾಗುವ ಒಂದು ಕಾಯಂ ಸಮೀಕ್ಷೆ. ಮುಂದಿನ ಯೋಜನೆ ಯಾವುದೇ ಬರಲಿ, ಇರುವ ಯೋಜನೆ ನಿಲ್ಲಲಿ, ಹಿಂದಿನ ವರ್ಷಗಳ ಅಂಕಿ ಆಗ ಕೈಯಲ್ಲಿರುತ್ತದೆ. ಇದನ್ನು ನಡೆಸಬೇಕಾದವರು ಯೋಜನೆ ಜಾರಿ ಮಾಡುವ ಇಲಾಖೆಯವರಲ್ಲ. ಈ ಭಾಗದ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು ಸೇರಿ ನಡೆಸಬಹುದು. ಯಾವ ಅಂಕವನ್ನು ಹೇಗೆ ಲೆಕ್ಕ ಹಾಕುತ್ತೇವೆ ಎಂದು ಅಂಕಿ ಕೈಗೆ ಬರುವ ಮೊದಲೇ ಬರೆದು ಪ್ರಕಟಿಸಬೇಕು, ಫಲಿತಾಂಶ ಯಾರಿಗೆ ಹಿತವಾದರೂ ಆಗದಿದ್ದರೂ ಬಹಿರಂಗಪಡಿಸಬೇಕು. ಕಂತಿನ ದಿನಾಂಕ ಸರ್ಕಾರದಿಂದ ಸಮೀಕ್ಷೆಯ ಕಡೆಗೆ ಬರಲಿ. ಯಾರ ಅಂಕ ಎಷ್ಟು ಎಂಬುದು ಸಮೀಕ್ಷೆಯಿಂದ ಯಾವ ಸರ್ಕಾರಿ ಕಚೇರಿಗೂ ಹೋಗಕೂಡದು, ಹೆಸರು ಮತ್ತು ಆಧಾರ್ ಸಂಖ್ಯೆಗಳು ಉತ್ತರಗಳಿಂದ ಮೊದಲ ದಿನವೇ ಬೇರ್ಪಡಬೇಕು. ಪ್ರಶ್ನೆ ಕೇಳುವ ಮುನ್ನ ಈ ಮಾತನ್ನು ಆ ಮನೆಯವರ ಭಾಷೆಯಲ್ಲೇ ಹೇಳಿ ಅವರ ಒಪ್ಪಿಗೆ ಪಡೆಯಬೇಕು. ಬೇಡವೆಂದವರ ಪಡಿತರ, ಪಿಂಚಣಿ, ಗೃಹಲಕ್ಷ್ಮಿಗಳಿಗೆ ಅದರಿಂದ ಏನೂ ಆಗುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.